ಮೂರು ಪಂಪ್ ದಾಟಿದ ಮೇಲೆ

ನಿನ್ನೆ ಮಧ್ಯಾಹ್ನ ಎರಡೂವರೆಗೆ, ಕಲಬುರಗಿಯ ಬಿಸಿಲು ಡಾಂಬರನ್ನೇ ಹಂಚು ಮಾಡಿಕೊಂಡು ರೊಟ್ಟಿ ಬೇಯಿಸಲು ಕೂತಿದ್ದ ಹೊತ್ತಿನಲ್ಲಿ, ಹುಮನಾಬಾದ್ ರಸ್ತೆಯ ಬದಿಗೆ ನಮ್ಮ ಕಾರು ಎರಡು ಸಲ ಕೆಮ್ಮಿ ನಿಂತಿತು. ಕೆಟ್ಟಿರಲಿಲ್ಲ, ಪೆಟ್ರೋಲ್ ಮುಗಿದಿತ್ತು. ಸೇಡಂ ರಸ್ತೆಯ ನಮ್ಮ ಮನೆಯಿಂದ ಅಲ್ಲಿಗೆ ಬರುವಷ್ಟರಲ್ಲಿ ನಾವು ಮೂರು ಪೆಟ್ರೋಲ್ ಪಂಪ್ ದಾಟಿ ಬಂದಿದ್ದೆವು. ಮೊದಲನೆಯದಂತೂ ನಮ್ಮ ಓಣಿಯ ತಿರುವಿನಲ್ಲೇ ಇದೆ. ಮಾಳಿಗೆ ಮೇಲೆ ನಿಂತರೆ ಅಲ್ಲಿನ ಹುಡುಗರು ‘ಝೀರೋ ನೋಡ್ರಿ ಸರ’ ಅನ್ನುವುದು ಕೇಳಿಸುತ್ತದೆ.

ಮೂರನ್ನೂ ದಾಟಿಸಿದವರು ಪಕ್ಕದ ಸೀಟಿನಲ್ಲಿದ್ದ ಮಾವನವರು, ನಿವೃತ್ತ ವಿಜ್ಞಾನ ಮಾಸ್ತರು. ಮೊದಲನೆಯ ಪಂಪಿಗೆ “ಅಳಿಯಂದ್ರ, ಇಲ್ಲಿ ಬ್ಯಾಡ್ರಿ, ನೀರು ಅದ” ಅಂದರು. ಎರಡನೆಯದಕ್ಕೆ “ಇಂವಾ ಅಳತ್ಯಾಗ ಹೊಡಿತಾನ.” ಮೂರನೆಯದಕ್ಕೆ ಕಾರಣವನ್ನೂ ಕೊಡಲಿಲ್ಲ, ಬರೇ ಮೂಗು ಮುರಿದರು.

“ಮಾಮಾ, ಕೆಂಪು ದೀಪ ಹತ್ಯಾದ್ರಿ” ಅಂದೆ.

“ಹತ್ತಲಿ ಬಿಡ್ರಿ. ಹತ್ತಿದ ಮ್ಯಾಲೂ ನಲವತ್ತು ಕಿಲೋಮೀಟರ್ ಹೋಗ್ತದ.”

ದೀಪ ಹತ್ತಿದ್ದು ಮೊನ್ನೆ ಎಂಬುದನ್ನು ನಾನು ಹೇಳಲಿಲ್ಲ. ಅಳಿಯನಾದವನು ಎಷ್ಟಂತ ಬಾಯಿ ಬಿಡಬೇಕು?

ಮಾವನವರಿಗೆ ಒಪ್ಪಿಗೆಯಾದ ಪಂಪು ಜಗತ್ತಿನಲ್ಲಿ ಒಂದೇ, ಅದು ನಮ್ಮ ಮನೆಯಿಂದ ಹದಿಮೂರು ಕಿಲೋಮೀಟರ್ ದೂರ. ಹೋಗಿ ಬಂದರೆ ಇಪ್ಪತ್ತಾರು. ನಮ್ಮ ಕಾರು ಲೀಟರಿಗೆ ಹದಿನೈದು ಕೊಡುತ್ತದೆ. ಅಂದರೆ ಒಳ್ಳೆಯ ಪೆಟ್ರೋಲ್ ತರಲು ನಾನು ಪ್ರತಿ ಸಲ ಮುಕ್ಕಾಲು ಕಡಿಮೆ ಎರಡಲ್ಲ, ಕಾಲು ಕಡಿಮೆ ಎರಡು ಲೀಟರ್ ಒಳ್ಳೆಯ ಪೆಟ್ರೋಲ್ ಸುಡುತ್ತೇನೆ. (ಈ ಲೆಕ್ಕವನ್ನು ನಿನ್ನೆ ಬಿಸಿಲಿನಲ್ಲಿ ಮಾಡಿದ್ದು, ಅದಕ್ಕೇ ಒಂದು ಸಲ ತಪ್ಪಿತು.)

ಮಾಸ್ತರನ್ನು ವಾದದಲ್ಲಿ ಸೋಲಿಸಲು ನಾನೂ ಒಂದಷ್ಟು ಓದಿಕೊಂಡಿದ್ದೆ. 2020ರ ಏಪ್ರಿಲ್ 1ರಿಂದ ದೇಶದ ತುಂಬ ಬಿಎಸ್-6 ಎಂಬ ಮಾಲಿನ್ಯ ಮಾನದಂಡದ ಇಂಧನವೇ, ಅದರಲ್ಲಿ ಗಂಧಕ ಹತ್ತು ಲಕ್ಷಕ್ಕೆ ಹತ್ತು ಪಾಲು ಮೀರುವಂತಿಲ್ಲ. ಕಂಪನಿಗಳು ಒಬ್ಬರ ಡಿಪೋದಿಂದ ಇನ್ನೊಬ್ಬರು ಸರಕು ಎತ್ತುತ್ತಾರೆ. ಪಂಪಿನ ಬಣ್ಣ ಬೇರೆಯಾದರೂ ಸಾದಾ ಪೆಟ್ರೋಲಿನ ಮೂಲ ಒಂದೇ ಇರಬಹುದು. ಪ್ರೀಮಿಯಂ ಅನ್ನುವುದಕ್ಕೆ ಬೇರೆ ರಾಸಾಯನಿಕ ಬೆರೆಸುತ್ತಾರೆ, ನಮ್ಮ ಗಾಡಿ ಅದನ್ನು ಕುಡಿದು ವಿಮಾನವೇನೂ ಆಗುವುದಿಲ್ಲ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಮಾವನವರು ಹಿಂದಿನ ಬೆಂಚಿನ ಹುಡುಗನ ಉತ್ತರ ಕೇಳುವ ಹಾಗೆ ಕೇಳಿ ಅರ್ಧ ಮಾರ್ಕು ಕೊಟ್ಟರು.

“ಡಿಪೋದಾಗ ಒಂದೇ ಇರ್ತದ, ಒಪ್ಪಿದೆ. ಪಂಪಿನ ನೆಲದಾಗಿನ ಟಾಕಿ?”

ಟಾಕಿಯ ಮಾತು ಬಂದರೆ ನನ್ನ ಬಾಯಿ ಕಟ್ಟುತ್ತದೆ. ಮಳೆ ನೀರು ಇಳಿಯುವುದು ಅಲ್ಲಿಗೇ, ಹೊಲಸು ಕೂಡುವುದೂ ಅಲ್ಲೇ. ಈಗ ಪೆಟ್ರೋಲಿನಲ್ಲಿ ಐದರಲ್ಲಿ ಒಂದು ಪಾಲು ಎಥನಾಲ್. ಅದು ನೀರನ್ನು ಕಂಡರೆ ಬಿಡುವುದಿಲ್ಲ, ಹೆಚ್ಚಾಯಿತೆಂದರೆ ಅದನ್ನೇ ಅಪ್ಪಿಕೊಂಡು ತಳಕ್ಕೆ ಇಳಿಯುತ್ತದೆ. “ಆಳಂದದ ಕಬ್ಬು ಮೊದಲು ಮನುಷ್ಯಾ ಕುಡೀತಿದ್ದ, ಈಗ ಗಾಡಿನೂ ಕುಡಿತದ” ಅನ್ನುತ್ತಾರೆ ಮಾವನವರು. ಮೇಲೊಂದು ಬ್ರಹ್ಮಾಸ್ತ್ರ ಇಟ್ಟುಕೊಂಡಿದ್ದಾರೆ. 2025ರ ಜೂನಿನಲ್ಲಿ ಮಧ್ಯಪ್ರದೇಶದ ರತ್ಲಾಂ ಹತ್ತಿರ ಮುಖ್ಯಮಂತ್ರಿಗಳ ಬೆಂಗಾವಲಿನ 19 ಗಾಡಿಗಳು ಡೀಸೆಲ್ ಹಾಕಿಸಿಕೊಂಡು ಸಾಲಾಗಿ ನಿಂತುಬಿಟ್ಟವು, ಟಾಕಿ ಬಿಚ್ಚಿದರೆ ಡೀಸೆಲಿನ ಜೊತೆ ನೀರು. “ಮುಖ್ಯಮಂತ್ರಿಗೇ ನೀರು ಕುಡಿಸ್ಯಾರ, ನಿಮ್ದೇನ್ರಿ?” ಇದಕ್ಕೆ ನನ್ನ ಓದಿನಲ್ಲಿ ಉತ್ತರವಿಲ್ಲ.

ಆದರೆ ಓಣಿಯ ಪಂಪಿಗೆ ನಾವು ಬಹಿಷ್ಕಾರ ಹಾಕಿದ್ದು ನೀರಿನಿಂದ ಅಲ್ಲ, ಒಂದು ಹನಿಯಿಂದ.

ಹೋದ ವರ್ಷ ಮೇ ತಿಂಗಳು. ಗ್ರಾಹಕ ಕೇಳಿದರೆ ಪಂಪಿನವರು ಫಿಲ್ಟರ್ ಪೇಪರ್ ಕೊಡಬೇಕು ಎಂಬುದು ಮಾವನವರಿಗೆ ಗೊತ್ತಿತ್ತು, ಹುಡುಗನಿಗೆ ಗೊತ್ತಿರಲಿಲ್ಲ. “ಪೇಪರ್ ಕೊಡಪಾ” ಅಂದರೆ ಓಡಿಹೋಗಿ ಅವತ್ತಿನ ದಿನಪತ್ರಿಕೆ ತಂದುಕೊಟ್ಟ. ಮಾವನವರು ಅವನನ್ನು ಕರುಣೆಯಿಂದ ನೋಡಿ, ತಮ್ಮ ಅಂಗಿ ಜೇಬಿನ ಡೈರಿಯಿಂದ ದುಂಡನೆಯ ಬಿಳಿ ಕಾಗದ ತೆಗೆದರು. ಅದು ಶಾಲೆಯ ಪ್ರಯೋಗಶಾಲೆಯಿಂದ ಅವರ ಜೊತೆಗೇ ನಿವೃತ್ತಿಯಾದದ್ದು. ನಾಝಲ್‌ನ ಬಾಯಿ ಒರೆಸಿ, ಒಂದೇ ಒಂದು ಹನಿ ಬಿಟ್ಟರು. ಎರಡು ನಿಮಿಷದಲ್ಲಿ ಕಲೆ ಉಳಿಸದೆ ಆರಿದರೆ ಪೆಟ್ರೋಲ್ ಶುದ್ಧ.

ಈ ಪರೀಕ್ಷೆ ಕಂಡುಹಿಡಿದವರು ಕಲಬುರಗಿಯವರಲ್ಲ. ನಲವತ್ತಮೂರು ಡಿಗ್ರಿಯಲ್ಲಿ ಎರಡು ನಿಮಿಷ ಬಿಟ್ಟರೆ ಇಲ್ಲಿ ಮಜ್ಜಿಗೆಯೂ ಕಲೆ ಉಳಿಸದೆ ಆರುತ್ತದೆ. ಮಾವನವರು ಕನ್ನಡಕ ಬದಲಿಸುವಷ್ಟರಲ್ಲಿ ಹನಿ ಮಾಯ.

“ಭಾಳ ಜಲ್ದಿ ಆರ್ತು” ಅಂದರು ಸಂಶಯದಿಂದ. “ಮತ್ತೊಂದು ಹಾಕು.”

ಎರಡನೆಯ ಹನಿ ಆರಿದ ಮೇಲೆ ಒಂದು ಬಣ್ಣ ಉಳಿಯಿತು. ತಿಳಿ ಗುಲಾಬಿ ಉಳಿದರೆ ಅದು ಪೆಟ್ರೋಲಿನದೇ ಬಣ್ಣ, ಹೆದರಬೇಕಿಲ್ಲ. ಆದರೆ ಇದು ಗುಲಾಬಿಯೋ? ಹಿಂದಿನ ಆಟೋದವನು ಹಾರ್ನ್ ಹೊಡೆದು ಸಾಕಾಗಿ ಇಳಿದು ಬಂದು, ಬೈಯುವ ಬದಲು ಕಾಗದ ನೋಡಿ “ಕೇಸರಿ ಅದರಿ” ಅಂದ. ಪಂಪಿನ ಹುಡುಗ ಗುಲಾಬಿ ಅಂದ. ಬುಲೆಟ್ ಮೇಲಿದ್ದವರೊಬ್ಬರು ಕಾಗದವನ್ನು ಬಿಸಿಲಿಗೆ ಹಿಡಿದು ಈರುಳ್ಳಿ ಸಿಪ್ಪೆಯ ಬಣ್ಣ ಅಂದರು. ಕಾರಿನೊಳಗಿಂದ ನನ್ನ ಹೆಂಡತಿ “ಅದು ಪೀಚ್” ಅಂದಳು. ಪೀಚ್ ಎಂದರೇನೆಂದು ಅಲ್ಲಿದ್ದ ಯಾವ ಗಂಡಸಿಗೂ ಗೊತ್ತಿಲ್ಲದ್ದರಿಂದ ಚರ್ಚೆ ನಿಂತಿತು. ಅಷ್ಟರಲ್ಲಿ ಬಿಸಿಗಾಳಿ ಬೀಸಿ ಸಾಕ್ಷ್ಯವನ್ನೇ ರಸ್ತೆಯಾಚೆ ಹಾರಿಸಿಕೊಂಡು ಹೋಯಿತು.

ಮುಗಿಯಿತು ಅಂದುಕೊಂಡೆ. ಮಾವನವರು ಡೆನ್ಸಿಟಿ ಕೇಳಿದರು. ಮ್ಯಾನೇಜರ್ ಗಾಜಿನ ಜಾರು, ಹೈಡ್ರೋಮೀಟರ್, ಥರ್ಮಾಮೀಟರ್ ತಂದರು. ಅಳೆದ ಸಾಂದ್ರತೆಯನ್ನು 15 ಡಿಗ್ರಿ ಸೆಲ್ಸಿಯಸ್ಸಿನ ಲೆಕ್ಕಕ್ಕೆ ತರಲು ಒಂದು ಕೋಷ್ಟಕ ಇರುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಹದಿನೈದು ಡಿಗ್ರಿ ಅಂದರೆ ಫ್ರಿಜ್ಜಿನೊಳಗಿನ ಸಂಗತಿ. ಆದರೂ ಮಾವನವರು ಕಾರಿನ ಬಾನೆಟ್ ಮೇಲೆ ಕೋಷ್ಟಕ ಹರವಿ, ಕೈ ಸುಟ್ಟುಕೊಂಡು, ಉತ್ತರಪತ್ರಿಕೆ ತಿದ್ದುವ ಶ್ರದ್ಧೆಯಿಂದ ಲೆಕ್ಕ ತೆಗೆದರು. ಪಂಪಿನ ಬೋರ್ಡಿನ ಮೇಲೆ ಬರೆದ ಅವತ್ತಿನ ಸಾಂದ್ರತೆಗೂ ಇದಕ್ಕೂ ಮೂರರೊಳಗೆ ವ್ಯತ್ಯಾಸ ಇರಬಹುದು. ಒಂದೇ ಇತ್ತು. ಅಂದರೆ ಪೆಟ್ರೋಲ್ ಪಾಸು, ಅದೂ ಡಿಸ್ಟಿಂಕ್ಷನ್ನಿನಲ್ಲಿ.

ಕಾರು ಹತ್ತಿ ಬಾಗಿಲು ಹಾಕಿಕೊಂಡ ಮೇಲೆ ಮಾವನವರು ಮೆಲ್ಲಗೆ ಅಂದರು, “ಇವತ್ತು ಸರಿ ಅದ. ನಾವು ಬರ್ತೀವಂತ ಮೊದಲೇ ಗೊತ್ತಾಗ್ಯಾದ ಅವರಿಗೆ.”

ಇಂಥವರ ಜೊತೆ ಏನು ವಾದ?

ಸಿಟ್ಟು ಬಂದಾಗ ಅತ್ತೆಯವರು ಹೇಳುತ್ತಿದ್ದ ಮಾತು ನೆನಪಾಗುತ್ತದೆ. ಮದುವೆಯಾದ ಹೊಸದರಲ್ಲಿ ಇಬ್ಬರೂ ಸ್ಕೂಟರಿನಲ್ಲಿ ಗಾಣಗಾಪುರಕ್ಕೆ ಹೊರಟಿದ್ದರಂತೆ. ಆಗಿನ ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುವ ಪುಣ್ಯಾತ್ಮರು ಇದ್ದರು. ರೇಷನ್ನಿನ ಸೀಮೆಎಣ್ಣೆಗೆ ಸರ್ಕಾರ ನೀಲಿ ಬಣ್ಣ ಹಾಕಿದ್ದೇ ಅದು ಅಡ್ಡದಾರಿ ಹಿಡಿದರೆ ಕಣ್ಣಿಗೆ ಬೀಳಲಿ ಅಂತ. ಅರ್ಧ ದಾರಿಯಲ್ಲಿ ಸ್ಕೂಟರ್ ಬಿಳಿ ಹೊಗೆ ಉಗುಳಿ ನಿಂತಿತು. ಬಾಗಿಸಿದರು, ಒದ್ದರು, ಪ್ಲಗ್ ಬಿಚ್ಚಿ ಒರೆಸಿದರು. ಕೊನೆಗೆ ಮಾವನವರು ಸ್ಕೂಟರ್ ತಳ್ಳುತ್ತ, ಅತ್ತೆಯವರು ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಅವರ ಹಿಂದೆ ನಡೆದರಂತೆ. “ಪಾಪ, ಮಾರಿ ಎತ್ತಿ ನನ್ನ ಕಡಿ ನೋಡ್ಲೇ ಇಲ್ಲ” ಎಂದು ನಗುತ್ತಿದ್ದರು. ಅತ್ತೆಯವರು ಹೋಗಿ ನಾಲ್ಕು ವರ್ಷವಾಯಿತು. ಹೊಸ ಪಂಪು ಕಂಡರೆ ಮಾವನವರ ಮೂಗು ಇನ್ನೂ ಆ ವಾಸನೆ ಹುಡುಕುತ್ತದೆ.

ನಿನ್ನೆಯ ಕಥೆಗೆ ಬರುತ್ತೇನೆ. ಹತ್ತಿರದಲ್ಲೊಂದು ಕಿರಾಣಿ ಅಂಗಡಿ ಇತ್ತು. ಚುರಮುರಿ ಚೀಲಗಳ ಹಿಂದಿನಿಂದ ಹುಡುಗನೊಬ್ಬ ನೀರಿನ ಬಾಟಲಿಯಲ್ಲಿ ಒಂದು ಲೀಟರ್ ತಂದ. ನೂರ ಮೂವತ್ತು ರೂಪಾಯಿ. ಝೀರೋ ಇಲ್ಲ, ಡೆನ್ಸಿಟಿ ಇಲ್ಲ, ಬಾಟಲಿಯ ಮೇಲೆ ಹಿಮಾಲಯದ ಚಿತ್ರ ಇತ್ತು.

“ಎಲ್ಲಿದಪಾ ಇದು?” ಅಂದರು ಮಾವನವರು.

“ಹಿಂದ ಪಂಪ್ ಅದಲ್ರಿ ಅಜ್ಜಾ, ಅಲ್ಲಿದೇ.”

ಮೂಗು ಮುರಿಸಿಕೊಂಡಿದ್ದ ಮೂರನೆಯ ಪಂಪು. ನಾನು ಸುಮ್ಮನೆ ಆಕಾಶ ನೋಡಿದೆ. ಹಿಂದಿನ ಸೀಟಿನಿಂದ ಹೆಂಡತಿ, “ಅಪ್ಪಾ, ಫಿಲ್ಟರ್ ಪೇಪರ್ ಕೊಡ್ಲೇನು?” ಅಂದಳು. ಮಾವನವರು ಕೇಳಿಸದವರಂತೆ ಮತ್ತೊಂದು ಖಾಲಿ ಬಾಟಲಿಯ ಕುತ್ತಿಗೆ ಕತ್ತರಿಸಿ ಆಲಿಕೆ ಮಾಡಿ, ಒಂದು ಹನಿಯೂ ಚೆಲ್ಲದಂತೆ ತಾವೇ ನಿಂತು ಸುರಿದರು. ಗಾಡಿ ಮೊದಲ ಕೀಲಿಗೇ ಶುರುವಾಯಿತು.

ಅವರ ಪಂಪು ತಲುಪಿದಾಗ ಅಲ್ಲಿ ಟ್ಯಾಂಕರ್ ನಿಂತು ನೆಲದ ಟಾಕಿಗೆ ಪೆಟ್ರೋಲ್ ಇಳಿಸುತ್ತಿತ್ತು. ಅಲ್ಲಿನ ಮ್ಯಾನೇಜರ್ ಇವರ ಹಳೆಯ ವಿದ್ಯಾರ್ಥಿ. “ಸರ, ಬರ್ರಿ ಬರ್ರಿ” ಎಂದು ಓಡಿ ಬಂದು ಕಾಲು ಮುಟ್ಟಿದ, ಚಹಾ ತರಿಸಿದ. ಬಾಜೂ ಮಷೀನಿನಲ್ಲಿ ಹಾಕಿಸುವೆನೆಂದು ನಾನು ಗೇರ್ ಹಾಕಿದೆ.

ಮಾವನವರು ನನ್ನ ಕೈ ಹಿಡಿದರು. “ತಡೀರಿ ಅಳಿಯಂದ್ರ. ಟ್ಯಾಂಕರ್ ಇಳಿಸುವಾಗ ತಳದ ಹೊಲಸೆಲ್ಲ ಮ್ಯಾಲ ಏಳ್ತದ. ಅರ್ಧ ತಾಸು ಕುಂದ್ರೂಣು. ಗಾಡಿ ಬಂದ್ ಮಾಡಬ್ಯಾಡ್ರಿ, ಏಸಿ ಇರ್ಲಿ, ಭಾಳ ಶಕಿ ಅದ.”