ಚಿಕ್ಕಪ್ಪ ಒರಿಜಿನಲ್ ಅಲ್ಲ

ನಮ್ಮ ಚಿಕ್ಕಪ್ಪ ಮಾಗಡಿ ಕಡೆಯ ರೈತರು. ಹುಟ್ಟಿದ್ದು, ಬೆಳೆದದ್ದು, ಸಾಲ ಮಾಡಿದ್ದು ಎಲ್ಲಾ ಹಳ್ಳಿಯಲ್ಲೇ. ಆದರೂ ಅವರು ಒರಿಜಿನಲ್ ಹಳ್ಳಿಯವರಲ್ಲ ಅಂತ ಹೋದ ಭಾನುವಾರ ಬೆಂಗಳೂರಿನ ಒಂದು ಹಳ್ಳಿ ಹಬ್ಬದಲ್ಲಿ ತೀರ್ಮಾನವಾಯಿತು.

ತಲೆಗೆ 500 ರೂಪಾಯಿ ಟಿಕೆಟ್. ಒಳಗೆ ಹೋದರೆ ಪ್ಲೈವುಡ್ ಗೋಡೆಗೆ ಸಗಣಿ ಬಣ್ಣದ ಪೇಂಟು. ಬಣ್ಣ ಮಾತ್ರ. ವಾಸನೆಯೂ ಇದ್ದಿದ್ದರೆ ಜನ ದುಡ್ಡು ವಾಪಸ್ ಕೇಳುತ್ತಿದ್ದರು.

ಮೂಲೆಯಲ್ಲೊಂದು ಎತ್ತಿನಗಾಡಿ. ಲಿನೆನ್ ಜುಬ್ಬಾದವರೊಬ್ಬರು ಬಗ್ಗಿ ನೋಡಿ, ‘ಛೆ, ರಬ್ಬರ್ ಟೈರು! ಒರಿಜಿನಲ್ ಅಲ್ಲ ಕಣ್ರೀ’ ಅಂದರು. ಗಾಡಿಯವನು ದಿನಾ ಅದರಲ್ಲೇ ಹೊಲಕ್ಕೆ ಗೊಬ್ಬರ ಹೊಡೆಯುವವನು. ‘ಮರದ ಚಕ್ರ ಎತ್ತಿಗೆ ಭಾರ ಸಾರ್’ ಅಂದ. ಯಾರೂ ಕೇಳಿಸಿಕೊಳ್ಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಟೈರಿನ ಮೇಲೆ ರಟ್ಟಿನ ಚಕ್ರ ಅಂಟಿಸಿದರು ನೋಡಿ, ಫೋಟೋಗೆ ಕ್ಯೂ ಗೇಟಿನ ತನಕ ಬೆಳೆಯಿತು.

ಊಟದ ಪಂಕ್ತಿಯಲ್ಲೂ ಜುಬ್ಬಾದವರು ನನ್ನ ಪಕ್ಕಕ್ಕೇ ಬಂದರು. ‘ಟೊಮೆಟೊ ಹಾಕಿಲ್ಲ ತಾನೆ? ಅದು ವಿದೇಶಿ’ ಎಂದು ವಿಚಾರಿಸಿ, ಮುದ್ದೆ ಮುರಿದು ಉಪ್ಸಾರಿನ ಖಾರಕ್ಕೆ ಅದ್ದಿದರು. ಮೆಣಸಿನಕಾಯಿಯನ್ನು ಅಮೆರಿಕದಿಂದ ಇಲ್ಲಿಗೆ ತಂದವರು ಪೋರ್ಚುಗೀಸರು. ರಾಗಿ ಸಾವಿರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದದ್ದು. ಹೀಗೆ ಒಂದೊಂದೇ ಎತ್ತಿಡುತ್ತಾ ಹೋದರೆ ಎಲೆಯ ತುದಿಯ ಉಪ್ಪು ಉಳಿಯುತ್ತೆ ಅಷ್ಟೇ. ಹೇಳೋಣ ಅಂದುಕೊಂಡೆ, ಬಾಯಲ್ಲಿ ಮುದ್ದೆ ಇತ್ತು.

ಇವರನ್ನು ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಕರೆದುಕೊಂಡು ಹೋಗಿ. ಕಾರ್ತಿಕದ ಕಡೇ ಸೋಮವಾರ, ದೊಡ್ಡ ಬಸವಣ್ಣನ ಗುಡಿ ರಸ್ತೆಯುದ್ದಕ್ಕೂ ಕಡಲೆಕಾಯಿ ರಾಶಿ, ಸೇರಿನಲ್ಲಿ ಅಳೆದು ಕೊಡುತ್ತಾರೆ. ಟಿಕೆಟ್ಟೂ ಇಲ್ಲ. ‘ಬರೀ ಪ್ಲಾಸ್ಟಿಕ್ ಪೀಪಿ, ಬಾಂಬೆ ಮಿಠಾಯಿ, ಹಳ್ಳಿ ಫೀಲೇ ಇಲ್ಲ’ ಅಂತಾರೆ. ಪೀಪಿ ಇಲ್ಲದ ಜಾತ್ರೆ ಯಾವ ಊರಲ್ಲಿದೆ ಸ್ವಾಮಿ?

ಇನ್ನು ಚಿಕ್ಕಪ್ಪನ ವಿಷಯ. ಪ್ಯಾಂಟು, ತುಂಬುತೋಳಿನ ಶರ್ಟು, ಜೇಬಲ್ಲಿ ಬಾಲ್‌ಪೆನ್. ಥರ್ಮಾಕೋಲ್ ಬಾವಿ ಕಟ್ಟೆಗೆ ಒರಗಿ ನಿಂತಿದ್ದರು. ಬಾಡಿಗೆ ಇಳಕಲ್ ಸೀರೆಯ ಹುಡುಗಿಯೊಬ್ಬಳು ಬಂದು, ‘ಅಂಕಲ್, ಸ್ವಲ್ಪ ಆ ಕಡೆ ಹೋಗ್ತೀರಾ? ಫೋಟೋದಲ್ಲಿ ಹಳ್ಳಿಯವರು ಮಾತ್ರ ಇರಬೇಕು’ ಅಂದಳು. ಅವರ ಜಾಗಕ್ಕೆ ಕಂಬಳಿ ಹೊದ್ದ, ಅಂಟುಮೀಸೆಯ ಗೌಡರು ಬಂದು ನಿಂತರು. ಜಯನಗರದ ಹುಡುಗ, ದಿನಗೂಲಿ ಮೇಲೆ ಬಂದಿದ್ದ. ಮೀಸೆ ಒಂದು ಕಡೆ ಬಿಟ್ಟುಕೊಂಡಿತ್ತು.

‘ಆಗ್ಲಿ ಕಣವ್ವ’ ಎಂದು ಚಿಕ್ಕಪ್ಪ ಪಕ್ಕಕ್ಕೆ ಸರಿದರು. ಅಷ್ಟರಲ್ಲಿ ಮೊಬೈಲ್ ಕುಂಯ್ ಅಂತು.

‘ತಡಿ ಮಗ, ತ್ರೀಫೇಸ್ ಕರೆಂಟ್ ಬಂತು’ ಅಂದವರೇ ಅಲ್ಲಿಂದಲೇ ನಂಬರ್ ಒತ್ತಿ ಊರಿನ ಬೋರ್ ಮೋಟಾರ್ ಆನ್ ಮಾಡಿದರು. ಅವರ ಬೆನ್ನ ಹಿಂದೆ, ಒಣಬಾವಿಯಿಂದ ಖಾಲಿ ಬಿಂದಿಗೆ ಸೇದಲು ಎಂಟು ಜನ ಕ್ಯೂ ನಿಂತಿದ್ದರು.