ಏನೂ ಆಗಲ್ಲ ಅನ್ನೋರು, ಏನೇನಾಗಬಹುದು ಅನ್ನೋರು

ಹಿಂದಿನ ರಾತ್ರಿ ಅಕ್ಕಂಗೆ ಫೋನ್ ಮಾಡಿ "ನಾಳೆ ವಿಮಾನದಲ್ಲಿ ಹಾರ್ತೀನಿ" ಅಂದಿದ್ದೆ. ಸುಳ್ಳೇನಲ್ಲ. "ವಿಮಾನದಿಂದ" ಅನ್ನೋ ಕಡೆ "ವಿಮಾನದಲ್ಲಿ" ಅಂದೆ ಅಷ್ಟೇ, ಒಂದು ವಿಭಕ್ತಿ ಪ್ರತ್ಯಯದ ವ್ಯತ್ಯಾಸ. ಹಕ್ಕಿನೂ ಹಾರತ್ತೆ, ಕಳ್ಳನೂ ಗೋಡೆ ಹಾರ್ತಾನೆ, ಕನ್ನಡದಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ ಇರೋದು ಇಂಥ ಹೊತ್ತಲ್ಲಿ ಎಷ್ಟು ಉಪಯೋಗಕ್ಕೆ ಬರತ್ತೆ ಅಂತ ಅವತ್ತೇ ಗೊತ್ತಾಗಿದ್ದು.

ಪ್ರವಾಸ ಹೋದಾಗ ಜೊತೆಗಿದ್ದೋರೆಲ್ಲ ಸೇರಿ ಟ್ಯಾಂಡಮ್ ಸ್ಕೈಡೈವಿಂಗ್ ಬುಕ್ ಮಾಡಿದ್ರು, ನಾನೂ ಹೂಂ ಅಂದುಬಿಟ್ಟೆ. ಟ್ಯಾಂಡಮ್ ಅಂದ್ರೆ ನಿಮ್ಮನ್ನ ಇನ್‌ಸ್ಟ್ರಕ್ಟರ್ ಎದೆಗೆ ನಾಲ್ಕು ಕಡೆ ಕ್ಲಿಪ್ ಹಾಕಿ ಕಟ್ಟಿರ್ತಾರೆ, ಎರಡು ಭುಜದ ಹತ್ರ ಎರಡು ಸೊಂಟದ ಹತ್ರ, ಪ್ಯಾರಾಚೂಟ್ ಅವರ ಬೆನ್ನಲ್ಲಿ ಇರತ್ತೆ, ನೀವು ಹೆಚ್ಚುಕಮ್ಮಿ ಲಗೇಜ್. ಕನ್ನಡದ ವಾಟ್ಸಾಪ್ ಗ್ರೂಪಲ್ಲಿ ಹೇಳಿದ ತಕ್ಷಣ ಬಂದಿದ್ದು ಎರಡೇ ಥರದ ಉತ್ತರ. ಅರ್ಧ ಜನ "ಏ ಹೋಗೋ ಮಾರಾಯ, ಏನೂ ಆಗಲ್ಲ". ಇನ್ನರ್ಧ "ಯಾಕೆ ಬೇಕಿತ್ತು ನಿಂಗೆ ಇದೆಲ್ಲ". ಊರು ಬಿಟ್ಟು ಇಷ್ಟು ವರ್ಷ ಆದ್ಮೇಲೂ ನನ್ನ ತಲೆಯೊಳಗೂ ಇರೋದು ಇವೆರಡೇ ವಾಕ್ಯ, ಮೂರನೇದು ಹುಡುಕಿದ್ರೂ ಸಿಗಲಿಲ್ಲ.

ಆ ಮೂರನೇದು ಹೇಗಿರತ್ತೆ ಅಂತ ನೋಡಿದ್ದು ಅಲ್ಲಿ ಹೋದ್ಮೇಲೆ. ಮೊದಲು ಮೋಡ ಅಂತ ಕೂರಿಸಿದ್ರು. ಎಷ್ಟೊತ್ತಾಗತ್ತೆ ಅಂತ ಕೇಳಿದ್ರೆ ಗೊತ್ತಿಲ್ಲ ಅಂದ್ರು, ಇವತ್ತು ಆಗದೇನೂ ಇರಬಹುದು ಅಂತಾನೂ ಅಂದ್ರು. ನಾವಾಗಿದ್ರೆ "ಇನ್ನೇನ್ ಐದು ನಿಮಿಷ" ಅಂತೀವಿ, ಮನೇಲಿ ಸೋಫಾ ಮೇಲೆ ಕೂತ್ಕೊಂಡು "ದಾರೀಲಿದೀನಿ" ಅನ್ನೋ ಜನ ನಾವು. ಕಾಯೋರಿಗೆ ಬೇಜಾರಾಗಬಾರದು ಅಂತ ಹೇಳೋ ಮಾತು ಅದು, ಒಪ್ತೀನಿ, ಆದ್ರೆ ಅದರಿಂದ ಮೋಡ ಏನು ಬೇಗ ಸರಿಯಲ್ವಲ್ಲ.

ಆಮೇಲೆ ಇನ್‌ಸ್ಟ್ರಕ್ಟರ್ ಬಂದು ತಾವಾಗೇ ಶುರು ಮಾಡಿದ್ರು. ಮೇನ್ ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಳ್ಳದೇ ಇರಬಹುದು, ಅಂತ. ನಾನು ಕೇಳಿರಲೇ ಇಲ್ಲ ಮಾರಾಯ್ರೆ! ನನ್ನ ಮುಖ ನೋಡಿನೋ ಏನೋ ಬ್ಯಾಗ್ ತಿರುಗಿಸಿ ಭುಜದ ಪಟ್ಟಿ ಹತ್ರ ಮೂರು ಉಂಗುರ ತೋರಿಸಿದ್ರು, ದೊಡ್ಡದರ ಮೂಲಕ ಸಣ್ಣದು ಮಡಚಿಕೊಂಡಿದೆ, ಅದರ ಮೂಲಕ ಇನ್ನೂ ಸಣ್ಣದು, ಕೊನೇದನ್ನ ಹಿಡ್ಕೊಂಡಿರೋದು ಒಂದು ದಾರದ ಕುಣಿಕೆ, ಆ ಕುಣಿಕೆ ಬಿಚ್ಚಿಹೋಗದ ಹಾಗೆ ತಡೆಯೋದು ಒಂದು ಕೇಬಲ್. ಕೇಬಲ್ ಎಳೆದ್ರೆ ಉಂಗುರಗಳು ಒಂದರಿಂದೊಂದು ಕಳಚ್ಕೊಂಡು ಕೆಟ್ಟ ಪ್ಯಾರಾಚೂಟ್ ಹೋಗ್ಬಿಡತ್ತೆ, ಆಮೇಲೆ ರಿಸರ್ವ್, ಅಂದ್ರೆ ಅದೇ ಬ್ಯಾಗಲ್ಲಿರೋ ಎರಡನೇ ಪ್ಯಾರಾಚೂಟ್, ತೆಗೀಬೇಕು. ನಮ್ಮಿಬ್ಬರ ಭಾರ ಹೊತ್ತಿರೋ ಪಟ್ಟಿನ ಅಷ್ಟು ಸಣ್ಣ ದಾರ ಹಿಡಿದಿಡತ್ತೆ, ಯಾಕಂದ್ರೆ ಒಂದೊಂದು ಉಂಗುರ ದಾಟಿದ ಹಾಗೂ ಎಳೆತ ಕಮ್ಮಿ ಆಗ್ತಾ ಬರತ್ತೆ. ಇಬ್ಬರಿಗೂ ಪ್ರಜ್ಞೆ ತಪ್ಪಿದ್ರೆ ಅಂತ ನಾನೇ ಕೇಳಿದೆ ಈ ಸಲ, ಅದಕ್ಕೂ ಒಂದು ಸಣ್ಣ ಎಲೆಕ್ಟ್ರಾನಿಕ್ ಡಬ್ಬಿ ಇದೆ, ನೆಲ ಹತ್ರ ಬಂದ್ರೂ ವೇಗ ಇಳಿದಿಲ್ಲ ಅಂದ್ರೆ ತಾನೇ ರಿಸರ್ವ್ ಬಿಚ್ಚಿಸತ್ತೆ ಅಂದ್ರು. ವಿಚಿತ್ರ ಏನಂದ್ರೆ ಗ್ರೂಪಲ್ಲಿ ಇಪ್ಪತ್ತು ಜನ ಏನೂ ಆಗಲ್ಲ ಅಂದಾಗ ಹೋಗದ ಭಯ, ಏನೇನಾಗಬಹುದು ಅಂತ ಒಬ್ಬರು ಕೂರಿಸಿ ಹೇಳಿದಾಗ ಅರ್ಧಕ್ಕಿಳೀತು.

ಆ ಮೂರು ಉಂಗುರದ ವ್ಯವಸ್ಥೆ ಕಂಡುಹಿಡಿದವರು ಬಿಲ್ ಬೂತ್, 1980ರ ದಶಕದಲ್ಲಿ ಟ್ಯಾಂಡಮ್ ಸಲಕರಣೆ ರೂಪಿಸಿದವರಲ್ಲೂ ಒಬ್ಬರು. ಸ್ಕೈಡೈವಿಂಗ್ ಜನ ಅವರ ಒಂದು ಮಾತನ್ನ ನಿಯಮ ಅಂತಾನೇ ಕರೀತಾರೆ, ಸಲಕರಣೆ ಎಷ್ಟು ಸುರಕ್ಷಿತ ಮಾಡಿದ್ರೂ ಜನ ಅಷ್ಟೇ ಹೆಚ್ಚು ಅಪಾಯಕ್ಕೆ ಕೈ ಹಾಕ್ತಾರೆ ಅಂತ. ಅಮೆರಿಕದ ಪ್ಯಾರಾಚೂಟ್ ಜಿಗಿತಗಾರರ ಯುಎಸ್‌ಪಿಎ ಸಂಘ ಕೊಡೋ ಲೆಕ್ಕದಲ್ಲಿ ಟ್ಯಾಂಡಮಲ್ಲಿ ಸರಾಸರಿ 5 ಲಕ್ಷ ಜಿಗಿತಕ್ಕೆ ಒಂದು ಸಾವು, ಅವರ ಪ್ರಕಾರ ಟ್ಯಾಂಡಮ್ ಇನ್‌ಸ್ಟ್ರಕ್ಟರ್ ಆಗ್ಬೇಕಂದ್ರೆ 3 ವರ್ಷದ ಅನುಭವ, ಕನಿಷ್ಠ 500 ಜಿಗಿತ ಬೇಕು. 5 ಲಕ್ಷಕ್ಕೆ ಒಂದು ಅಂದ್ರೆ ಕಮ್ಮೀನೇ, ಆದ್ರೆ ಸೊನ್ನೆ ಅಲ್ಲ. ನಮ್ಮ "ಏನೂ ಆಗಲ್ಲ" ಅನ್ನೋದು ಮಾತ್ರ ಯಾವಾಗ್ಲೂ ಸೊನ್ನೆ.

ಹಾಗಂತ ಹೊರಗಿನವರೆಲ್ಲ ಸತ್ಯಹರಿಶ್ಚಂದ್ರರು ಅಂತ ನಾನು ಹೇಳ್ತಿಲ್ಲ. ಬ್ರೀಫಿಂಗಿಗೂ ಮುಂಚೆ ಸಹಿ ಹಾಕಿಸ್ಕೊಂಡ ಫಾರ್ಮ್ ಇತ್ತಲ್ಲ, ಅದರಲ್ಲೂ ಏನೇನಾಗಬಹುದು ಅಂತಾನೇ ಇತ್ತು, ಸಾವು ಅನ್ನೋ ಪದ ಪುಟಪುಟದಲ್ಲೂ, ಆದ್ರೆ ಅದು ಬರೆದಿದ್ದು ನನಗೋಸ್ಕರ ಅಲ್ಲ, ನಾಳೆ ನಾನು ಕೇಸ್ ಹಾಕಬಾರದು ಅಂತ. ಉಂಗುರ ತೋರಿಸಿ ಹೇಳಿದ್ದೇ ಬೇರೆ, ವಕೀಲರು ಹೇಳಿಸಿದ್ದೇ ಬೇರೆ. ಫಾರ್ಮಲ್ಲಿ ಕೊನೇಗೆ ಆರೋಗ್ಯದ ಪ್ರಶ್ನೆ ಇತ್ತು, ಶೀತ, ಸೈನಸ್, ಕಿವಿ ತೊಂದರೆ ಏನಾದ್ರೂ ಇದೆಯಾ ಅಂತ. ಎರಡು ದಿನದಿಂದ ಮೂಗು ಕಟ್ಟಿತ್ತು. "ಇಲ್ಲ" ಅಂತ ಟಿಕ್ ಹಾಕಿದೆ. ಯಾಕೆ ಅಂದ್ರೆ, ಏನಾಗತ್ತೆ ಬಿಡು ಅಂತ.

ಮೇಲೆ ಹೋದ್ಮೇಲಿನ ಕಥೆ ಎಲ್ಲರೂ ಹೇಳೋದೇ, ಬೇಗ ಮುಗಿಸ್ತೀನಿ. ಸುಮಾರು 13 ಸಾವಿರ ಅಡಿ, ಬಾಗಿಲು ಸರ್ರಂತ ಸರಿಸಿದಾಗ ಒಳಗೆ ನುಗ್ಗಿದ ಥಂಡಿ, ಬಾಗಿಲ ಅಂಚಲ್ಲಿ ಕಾಲು ಕೆಳಗೆ ಇಳಿಬಿಟ್ಟು ಕೂತಾಗ ನನ್ನ ಶೂ ಲೇಸ್ ಗಾಳಿಗೆ ಪಟಪಟ ಅಂತ ಹೊಡ್ಕೊಳ್ತಾ ಇದ್ದಿದ್ದು, ಅದನ್ನೇ ನೋಡ್ತಾ ಇದ್ದೆ, ಕಟ್ಟಿದೀನಾ ಇಲ್ವಾ ಅಂತ. ಆಮೇಲೆ ತಲೆ ಹಿಂದಕ್ಕೆ, ಬಾಳೆಹಣ್ಣಿನ ಥರ ಬಾಗು ಅಂದ್ರು, ಹೋದ್ವಿ. ಜೋಕಾಲಿ ಇಳಿವಾಗ ಹೊಟ್ಟೇಲಿ ಕಲಕಿದ ಹಾಗಾಗತ್ತಲ್ಲ, ಅದಕ್ಕೇ ಕಾಯ್ತಿದ್ದೆ, ಬರಲೇ ಇಲ್ಲ. ವಿಮಾನದ ಜೊತೆ ಆಗ್ಲೇ ಅಷ್ಟು ವೇಗದಲ್ಲಿ ಹೋಗ್ತಿರ್ತೀವಿ, ಗಾಳಿ ಮೊದಲಿಂದಾನೇ ಎದುರಿಗಿರತ್ತೆ, ಅದಕ್ಕೇ ಬೀಳ್ತಿದೀನಿ ಅನ್ಸಲ್ವಂತೆ. ಅನ್ಸೋದು ಬರೀ ಸದ್ದು. ಇಬ್ಬರ ತೂಕಕ್ಕೆ ವೇಗ ಮಿತಿ ಮೀರಬಾರದು ಅಂತ ಹಿಂದೆ ಡ್ರೋಗ್ ಅಂತ ಒಂದು ಪುಟ್ಟ ಪ್ಯಾರಾಚೂಟ್ ಬಿಟ್ಟಿರ್ತಾರೆ, ಅದಿದ್ರೂ ಗಂಟೆಗೆ 200 ಕಿಲೋಮೀಟರ್ ಹತ್ರ, ಬಾಯಿ ತೆಗೆದ್ರೆ ಕೆನ್ನೆ ಕಿವಿಗೆ ಹೋಗತ್ತೆ. ಮುಕ್ಕಾಲು ನಿಮಿಷ. ಆಮೇಲೆ ಒಂದು ಎಳೆತ, ಪ್ಯಾರಾಚೂಟ್ ಬಿಚ್ಕೊಳ್ತು, ಒಮ್ಮೆಲೇ ಮೌನ.

ಮೌನ ಅಂದೆ, ನಿಜ ಏನಂದ್ರೆ ಅರ್ಧ ಮೌನ ನನ್ನ ಕಿವಿದೇ. ಎಡಗಿವಿ ಮುಚ್ಚಿಹೋಗಿತ್ತು. ಒಂದೇ ನಿಮಿಷದೊಳಗೆ ಅಷ್ಟು ಸಾವಿರ ಅಡಿ ಕೆಳಗೆ ಬಂದಾಗ ಹೊರಗಿನ ಒತ್ತಡ ಏರತ್ತೆ, ಮೂಗು ಕಟ್ಟಿದ್ರೆ ಕಿವಿಯೊಳಗಿನ ಒತ್ತಡ ಸಮ ಆಗೋಕೆ ದಾರಿ ಇರಲ್ಲ, ಒಳಗಿಂದ ಯಾರೋ ಸೂಜಿ ಚುಚ್ಚಿದ ಹಾಗೆ. ಹಿಂದಿಂದ ಅವರು ಚೆನ್ನಾಗಿದೀಯಾ ಅಂತ ಕೇಳಿದ್ರು. ನಾನು ಹೆಬ್ಬೆರಳು ಎತ್ತಿ ತೋರಿಸಿದೆ! ಇನ್ನೊಬ್ಬರ ಎದೆಗೆ ಕಟ್ಟಿಹಾಕಿಸ್ಕೊಂಡು ಆಕಾಶದಲ್ಲಿ ತೂಗ್ತಾ ಇದ್ರೂ "ಏನಿಲ್ಲ, ಆರಾಮ್" ಅಂತೀನಲ್ಲ, ಇದಕ್ಕೇನು ಹೇಳ್ಬೇಕು. ಕಾಲು ಎತ್ತು ಅಂದಾಗ ಎತ್ತಿದೆ, ಕುಂಡೆ ಮೇಲೆ ಜಾರಿಕೊಂಡು ಹುಲ್ಲಿಗೆ ಬಂದ್ವಿ, ಮೂಗು ಒರೆಸ್ಕೊಂಡಾಗ ಅವರಿಗೆ ಗೊತ್ತಾಯ್ತು. ಬೈಯಲಿಲ್ಲ. ಮೊದಲೇ ಹೇಳಿದ್ರೆ ನಾಡಿದ್ದಿಗೆ ಹಾಕ್ತಿದ್ದೆ ಅಂದ್ರು, ಅಷ್ಟೇ, ಬೈದಿದ್ರೇ ಚೆನ್ನಾಗಿರ್ತಿತ್ತು. ಎಲ್ಲ ಅಪಾಯನೂ ಬಿಚ್ಚಿ ಹೇಳಿದವರಿಗೆ ನಾನು ಒಂದು ನೆಗಡಿ ಹೇಳಿರಲಿಲ್ಲ. ಕಿವಿ ಬಿಡೋಕೆ ಎರಡು ದಿನ ಹಿಡೀತು.

ಅಕ್ಕಂಗೆ ವಿಡಿಯೋ ಕಳಿಸಿದೆ. ನೋಡಿ ತುಂಬ ಹೊತ್ತು ಏನೂ ಬರೀಲಿಲ್ಲ, ಆಮೇಲೆ "ವಿಮಾನದಲ್ಲಿ ಅಂದಿದ್ದೆ" ಅಂತ ಒಂದೇ ಸಾಲು. ಅದರ ಹಿಂದೇನೇ ಅವಳ ಮಗ, "ಮಾಮ ನಾನೂ ಹೋಗ್ಲಾ?"

ಹೋಗೋ ಏನೂ ಆಗಲ್ಲ ಅಂತ ಬೆರಳು ತಾನೇ ಟೈಪ್ ಮಾಡಿತ್ತು, ಅಳಿಸಿದೆ. ಆಮೇಲೆ ಉಂಗುರ, ರಿಸರ್ವ್, ಡಬ್ಬಿ, ಸ್ಕೂಬಾ ಡೈವಿಂಗ್ ಮಾಡಿದ್ರೆ ಒಂದು ದಿನ ಆದ್ರೂ ಬಿಟ್ಟು ಹೋಗು, ಮೂಗು ಕಟ್ಟಿದ್ರೆ ಹೋಗ್ಲೇಬೇಡ, ಎಲ್ಲ ಸೇರಿಸಿ ಇಷ್ಟುದ್ದ ಬರೆದು ಕಳಿಸಿದೆ. ನೀಲಿ ಟಿಕ್ ಬಂತು.

"ಅಷ್ಟೆಲ್ಲ ಯಾರು ಓದ್ತಾರೆ ಮಾಮ, ಏನೂ ಆಗಲ್ಲ ತಾನೆ?"