ತೇಪೆ ಹಾಕಿದ ಬಟ್ಟೆಗೆ ಯಾಕಿಷ್ಟು ನಾಚಿಕೆ?

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಕಾರವಾರದ ಬೈತಖೋಲ, ಅಂಕೋಲೆಯ ಬೇಲೆಕೇರಿ, ಹೊನ್ನಾವರದ ಕಾಸರಕೋಡ, ಯಾವ ಕಡೆಗೆ ಹೋದರೂ ಬಲೆ ರಿಪೇರಿ ಕಾಣಿಸುತ್ತದೆ. ಶೆಡ್ಡಿನಡಿ ಗಂಡಸರು ಕಾಲು ಚಾಚಿ ಕೂತು, ಬಲೆಯ ಅಂಚನ್ನು ಕಾಲ್ಬೆರಳಿಗೆ ಸಿಕ್ಕಿಸಿ ಬಿಗಿ ಹಿಡಿದು, ನೈಲಾನ್ ದಾರ ಸುತ್ತಿದ ಚಪ್ಪಟೆ ಸೂಜಿಯಲ್ಲಿ ಒಂದೊಂದೇ ಕಣ್ಣು ಹೆಣೆಯುತ್ತಿರುತ್ತಾರೆ. ಹರಿದದ್ದನ್ನು ಹಾಗೇ ಎಳೆದು ಗಂಟು ಹಾಕುವುದಿಲ್ಲ. ತುಂಡಾದ ಕಣ್ಣುಗಳನ್ನು ಚಾಕುವಿನಿಂದ ಕತ್ತರಿಸಿ ತೆಗೆದು, ತೂತನ್ನು ಇನ್ನಷ್ಟು ದೊಡ್ಡದು ಮಾಡಿ, ಗಟ್ಟಿ ಗಂಟು ಸಿಗುವಲ್ಲಿಂದ ಹೊಸ ಸಾಲು ಶುರು ಮಾಡುತ್ತಾರೆ. ನೋಡುತ್ತಾ ನಿಂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಆ ದಾರಿಯಲ್ಲಿ ಹೋಗುವ ಯಾರೂ ‘ಪಾಪ, ಹರಕು ಬಲೆ’ ಅನ್ನುವುದಿಲ್ಲ. ಚೆನ್ನಾಗಿ ಬಲೆ ಹೆಣೆಯುವ ಕೈಗೆ ಊರಲ್ಲಿ ಬೆಲೆಯಿದೆ. ಆದರೆ ಅದೇ ಊರಿನ ಹುಡುಗ ಮೊಣಕಾಲಿಗೆ ತೇಪೆ ಹಾಕಿದ ಪ್ಯಾಂಟು ತೊಟ್ಟು ಕಾಲೇಜಿಗೆ ಹೋಗು ಅಂದರೆ ಒಪ್ಪುವುದಿಲ್ಲ. ಅವನಮ್ಮನೂ ಒಪ್ಪುವುದಿಲ್ಲ. ಬಲೆಗಿಲ್ಲದ ನಾಚಿಕೆ ಬಟ್ಟೆಗೆ ಯಾಕೆ? ಇದು ನನ್ನನ್ನು ಬಹಳ ದಿನದಿಂದ ಕೊರೆಯುತ್ತಿರುವ ವಿಷಯ.

ಮೊನ್ನೆ ಆಫೀಸಿನಲ್ಲಿ ಒಬ್ಬರು ನನ್ನ ಹತ್ತಿರ ಬಂದು ದನಿ ತಗ್ಗಿಸಿ, “ಮೇಡಂ, ಸೆರಗಿನ ಹತ್ರ ಹೊಲಿಗೆ ಕಾಣ್ತಿದೆ” ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. “ಹೌದು, ನಾನೇ ಹೊಲಿದದ್ದು, ಚೆನ್ನಾಗಿ ಬಂದಿದೆ ಅಲ್ವಾ?” ಅಂತ ಸೆರಗು ಬಿಡಿಸಿ ತೋರಿಸಿದೆ. ಭುಜದ ಮೇಲೆ ಪಿನ್ ಚುಚ್ಚಿ ಚುಚ್ಚಿ ಹರಿದಿದ್ದ ಹತ್ತಿ ಸೀರೆ ಅದು. ಕರಾವಳಿಯಲ್ಲಿರುವವರಿಗೆ ಈ ಪಿನ್ನಿನ ಕಾಟ ಚೆನ್ನಾಗಿ ಗೊತ್ತು. ಉಪ್ಪುಗಾಳಿಗೆ ಪಿನ್ನು ಬೇಗ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದದ್ದು ನುಣುಪಾಗಿ ಇಳಿಯದೆ ಎಳೆಯನ್ನೇ ಕಡಿಯುತ್ತದೆ, ಸಾಲದ್ದಕ್ಕೆ ಕಲೆಯನ್ನೂ ಬಿಡುತ್ತದೆ.

ನಾಚಿಕೆ ಎಲ್ಲಿಂದ ಬಂತು ಅನ್ನುವುದು ನನಗೆ ಅರ್ಥವಾಗುತ್ತದೆ. ನಮ್ಮ ಶಿರಸಿ ಕಡೆಯ ಮನೆಗಳಲ್ಲಿ ದೇವಕಾರ್ಯಕ್ಕೆ ಹರಿದದ್ದು, ಹೊಲಿದದ್ದು ಆಗುವುದಿಲ್ಲ. ಅದು ಪೂಜೆಯ ರೂಢಿ, ಇರಲಿ. ಮೈಮೇಲಿರುವಾಗ ಬಟ್ಟೆ ಹೊಲಿಯಬಾರದು, ಹೊತ್ತು ಮುಳುಗಿದ ಮೇಲೆ ಸೂಜಿ ಎರವಲು ಕೊಡಬಾರದು ಎಂಬುದೆಲ್ಲ ಇದೆ. ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಸೂಜಿ ಕೆಳಗೆ ಬಿದ್ದರೆ ಯಾರ ಕಾಲಿಗೋ ಚುಚ್ಚುವುದು ಖಂಡಿತ, ಹಾಗಾಗಿ ಅದರಲ್ಲಿ ವಿವೇಕವೂ ಇದೆ. ದಿನಬಳಕೆಯ ಬಟ್ಟೆಗೆ ತೇಪೆ ಹಾಕಬೇಡಿ ಅಂತ ಮಾತ್ರ ಯಾವ ಅಜ್ಜಿಯೂ ಹೇಳಿದ್ದನ್ನು ನಾನು ಕೇಳಿಲ್ಲ. ಬೇಡ ಅಂದದ್ದು ನಂತರದ ತಲೆಮಾರು. ಅಣ್ಣನ ಚಡ್ಡಿಯನ್ನು ತಮ್ಮ, ತಮ್ಮನದ್ದನ್ನು ಅವನ ತಮ್ಮ ತೊಟ್ಟು ಶಾಲೆ ಮುಗಿಸಿದವರು, ‘ನಮ್ಮ ಮಕ್ಕಳಿಗೆ ಈ ಗತಿ ಬೇಡ’ ಅಂದುಕೊಂಡರು. ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ, ಅದು ಪ್ರೀತಿಯಿಂದ ಬಂದ ಮಾತು. ಆದರೆ ಬಡತನದ ನೆನಪನ್ನು ಹೊರಗೆ ಹಾಕುವಾಗ ಕೈಯಲ್ಲಿದ್ದ ವಿದ್ಯೆಯನ್ನೂ ಜೊತೆಗೇ ಹಾಕಿಬಿಟ್ಟೆವು.

ವಿದ್ಯೆ ಅಂತಲೇ ಹೇಳುತ್ತೇನೆ. ಬಟ್ಟೆ ಅಂದರೆ ಹಾಸು ಮತ್ತು ಹೊಕ್ಕು. ಉದ್ದಕ್ಕೆ ಓಡಿದ ಎಳೆ ಹಾಸು, ಅದರ ಮೇಲೆ ಕೆಳಗೆ ನುಗ್ಗಿ ಅಡ್ಡ ಬಂದದ್ದು ಹೊಕ್ಕು. ತೂತು ಬಿದ್ದಲ್ಲಿ ಎರಡೂ ಕಡಿದಿರುತ್ತವೆ. ರಫು ಹಾಕುವುದು ಅಂದರೆ ಅಷ್ಟಗಲ ಜಾಗದಲ್ಲಿ ಸೂಜಿ ಹಿಡಿದು ಮತ್ತೆ ಬಟ್ಟೆ ನೇಯುವುದು. ಹೊಸಬರು ತೂತಿನ ಅಂಚಿಗೇ ಸೂಜಿ ಹಾಕುತ್ತಾರೆ, ಅಲ್ಲೇ ಕೆಡುವುದು. ಅಂಚಿನ ಎಳೆಗಳು ಆಗಲೇ ಸವೆದಿರುತ್ತವೆ, ಭಾರ ತಡೆಯುವುದಿಲ್ಲ. ತೂತಿನಿಂದ ಅರ್ಧ ಇಂಚು ಆಚೆ, ಗಟ್ಟಿ ಬಟ್ಟೆಯಲ್ಲಿ ಶುರು ಮಾಡಬೇಕು. ಸಣ್ಣ ಸಣ್ಣ ಹೊಲಿಗೆಯಲ್ಲಿ ಬಂದು, ತೂತಿನ ಮೇಲೆ ದಾರವನ್ನು ಹಾಗೇ ಹಾಯಿಸಿ, ಆಚೆ ಬದಿಯ ಗಟ್ಟಿ ಬಟ್ಟೆಗೆ ಹೊಕ್ಕು, ತಿರುಗಿ ಅದರ ಪಕ್ಕದಲ್ಲೇ ವಾಪಸು ಬರಬೇಕು. ತಿರುಗುವಲ್ಲಿ ದಾರವನ್ನು ಪೂರ್ತಿ ಎಳೆಯಬಾರದು, ಚೂರು ಸಡಿಲ ಬಿಡಬೇಕು. ಒಗೆದಾಗ ಹತ್ತಿ ದಾರ ಕುಗ್ಗುತ್ತದೆ. ಸಡಿಲ ಬಿಡದಿದ್ದರೆ ಸುತ್ತಲಿನ ಬಟ್ಟೆ ನೆರಿಗೆ ಕಟ್ಟುತ್ತದೆ. ಒಂದು ದಿಕ್ಕು ಮುಗಿದ ಮೇಲೆ ಅಡ್ಡ ದಿಕ್ಕು, ಒಂದು ಎಳೆಯ ಮೇಲೆ, ಒಂದರ ಕೆಳಗೆ. ಮುಂದಿನ ಸಾಲಿನಲ್ಲಿ ಅದಲು ಬದಲು. ಇಷ್ಟೇ.

ದಾರ ಯಾವುದು ಅನ್ನುವುದರಲ್ಲಿ ಅರ್ಧ ಕೆಲಸ ಇದೆ. ಹತ್ತಿಗೆ ಹತ್ತಿ ದಾರವೇ ಆಗಬೇಕು. ಪಾಲಿಯೆಸ್ಟರ್ ದಾರ ಗಟ್ಟಿ ಅಂತ ಹಾಕಿದರೆ ದಾರ ಉಳಿಯುತ್ತದೆ, ಅದರ ಸುತ್ತ ಹಳೆಯ ಹತ್ತಿ ಕತ್ತರಿಸಿ ಹೋಗುತ್ತದೆ. ಬಣ್ಣ ಹೊಂದಬೇಕು ಅಂದರೆ ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಳ್ಳಿ. ಅಂಗಡಿಯ ಯಾವ ರೀಲೂ ಅಷ್ಟು ಹೊಂದುವುದಿಲ್ಲ. ದಾರ ಒಂದು ಮೊಳಕ್ಕಿಂತ ಉದ್ದ ಬೇಡ, ಸಿಕ್ಕಾಗುತ್ತದೆ. ನಮ್ಮ ಶಿರಸಿ, ಸಿದ್ದಾಪುರದವರಿಗೆ ಇನ್ನೊಂದು ಅನುಕೂಲ ಇದೆ. ಜೇನುಪೆಟ್ಟಿಗೆ ಇಟ್ಟವರ ಮನೆಯಲ್ಲಿ ಮೇಣ ಸಿಗುತ್ತದೆ. ಮೇಣದ ಉಂಡೆಯ ಮೇಲೆ ದಾರವನ್ನು ಒಮ್ಮೆ ಎಳೆದುಕೊಂಡರೆ ಗಂಟು ಬೀಳದೆ ಸರಾಗ ಓಡುತ್ತದೆ. ಆಯಿಗೆ, ಅಂದರೆ ನನ್ನಮ್ಮನಿಗೆ, ಮೇಣ ಸಿಗದಿದ್ದಾಗ ಸೂಜಿಯನ್ನು ತಲೆಗೂದಲಿಗೆ ಒಮ್ಮೆ ಉಜ್ಜಿಕೊಳ್ಳುತ್ತಿದ್ದಳು. ಕೂದಲಿನ ಎಣ್ಣೆ ಸೂಜಿಗೆ ಸಾಕು. ಹಾಗೆ ಉಜ್ಜಿದ ಸೂಜಿಗೆ ತುಕ್ಕೂ ಬೇಗ ಹಿಡಿಯುವುದಿಲ್ಲ. ಸೂಜಿ ಕೊಳ್ಳುವಾಗ ಒಂದು ವಿಷಯ ನೆನಪಿಡಿ. ಕೈಸೂಜಿಯಲ್ಲಿ ನಂಬರು ಹೆಚ್ಚಾದಷ್ಟೂ ಸೂಜಿ ಸಣ್ಣ. ಮೆಷಿನ್ ಸೂಜಿಯಲ್ಲಿ ಇದು ಉಲ್ಟಾ, 11 ತೆಳು ಬಟ್ಟೆಗೆ, 16 ಜೀನ್ಸಿಗೆ.

“ತೂತು ಸಣ್ಣ ಇದ್ದಾಗ್ಲೇ ಹಿಡ್ಕಳವು ತಂಗಿ, ದೊಡ್ಡಾದ್ಮೇಲೆ ಕೈಗೆ ಸಿಕ್ತಿಲ್ಲೆ” ಅನ್ನುತ್ತಿದ್ದಳು ಆಯಿ. ನಾನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ತೂತೇ ಬೀಳುವ ಮೊದಲು ನೋಡಿ ಅನ್ನುತ್ತೇನೆ. ಪ್ಯಾಂಟನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ತೊಡೆಯ ಒಳಭಾಗ, ಹಿಂಬದಿ, ಮೊಣಕಾಲು ಜಾಳಾಗಿ ಕಂಡರೆ ಆಗಲೇ ಒಳಗಿನಿಂದ ಒಂದು ತುಂಡು ಕೊಟ್ಟು, ಸಾಲು ಸಾಲಾಗಿ ಹೊಲಿದುಬಿಡಿ. ತೇಪೆಯ ತುಂಡನ್ನು ಮೊದಲೇ ಒಗೆದು ಒಣಗಿಸಿರಬೇಕು, ಇಲ್ಲದಿದ್ದರೆ ಆಮೇಲೆ ಕುಗ್ಗಿ ಎಳೆಯುತ್ತದೆ. ಅದರ ಹಾಸು ಪ್ಯಾಂಟಿನ ಹಾಸಿನ ದಿಕ್ಕಿಗೇ ಇರಲಿ. ಮೂಲೆಗಳನ್ನು ಗುಂಡಗೆ ಕತ್ತರಿಸಿ, ಚೂಪು ಮೂಲೆ ಮೊದಲು ಏಳುತ್ತದೆ. ಬನಿಯನ್, ಟೀಶರ್ಟು ಬೇರೆ ಜಾತಿ. ಅವು ನೇಯ್ದದ್ದಲ್ಲ, ಹೆಣೆದದ್ದು. ಒಂದು ಕುಣಿಕೆ ಬಿಟ್ಟರೆ ಕೆಳಗಿನವರೆಗೂ ಬಿಡುತ್ತಾ ಹೋಗುತ್ತದೆ. ಮೊದಲು ಬಿಟ್ಟ ಕುಣಿಕೆಗಳನ್ನೆಲ್ಲ ದಾರದಲ್ಲಿ ಪೋಣಿಸಿ ಹಿಡಿಯಿರಿ, ಆಮೇಲೆ ಹೊಲಿಯಿರಿ. ಎಳೆದಾಗ ಬಟ್ಟೆಯ ಜೊತೆ ಹೊಲಿಗೆಯೂ ಹಿಗ್ಗುವಷ್ಟು ಸಡಿಲ ಇರಲಿ.

ಕಾಲರ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಗಂಡಸರ ಅಂಗಿಯಲ್ಲಿ ಮೊದಲು ಸಾಯುವುದು ಕಾಲರಿನ ಮಡಿಕೆ. ಗಡ್ಡ ಉಜ್ಜಿ, ಬೆವರು ಕೂತು, ಬಿಳಿ ಗೀರು ಬಿದ್ದು ಒಳಗಿನ ಕ್ಯಾನ್ವಾಸ್ ಇಣುಕುತ್ತದೆ. ಉಳಿದ ಅಂಗಿ ಹೊಸದರಂತೇ ಇರುತ್ತದೆ, ಆದರೂ ಬಿಸಾಡುತ್ತೇವೆ. ಹಿಂದಿನವರು ಕಾಲರ್ ತಿರುಗಿಸುತ್ತಿದ್ದರು. ಕಾಲರು ಕತ್ತಿನ ಪಟ್ಟಿಗೆ ಸೇರುವಲ್ಲಿ ಹೊಲಿಗೆಯನ್ನು ಬ್ಲೇಡಿನಿಂದ ನಾಜೂಕಾಗಿ ಬಿಚ್ಚಿ, ಕಾಲರನ್ನು ಮಗುಚಿ, ಸವೆದ ಮುಖ ಒಳಗೆ ಬರುವಂತೆ ಮತ್ತೆ ಅದೇ ಸಂದಿಗೆ ಕೂರಿಸಿ ಹೊಲಿಯುವುದು. ಬಿಚ್ಚುವ ಮೊದಲು ಕಾಲರಿನ ನಡು ಮಧ್ಯಕ್ಕೂ ಪಟ್ಟಿಯ ನಡು ಮಧ್ಯಕ್ಕೂ ಒಂದೊಂದು ಬಣ್ಣದ ದಾರದ ಗುರುತು ಹಾಕಿಟ್ಟರೆ ಸೊಟ್ಟಗಾಗುವುದಿಲ್ಲ. ಇಸ್ತ್ರಿ ಹಾಕಿದ ಮೇಲೆ ಹೊಸ ಅಂಗಿ. ಈ ಕೆಲಸ ನನಗೆ ಎಷ್ಟು ಖುಷಿ ಕೊಡುತ್ತದೆ ಅಂದರೆ, ನೆಂಟರ ಮನೆಗೆ ಹೋದಾಗಲೂ ಕಣ್ಣು ಮೊದಲು ಕಾಲರಿಗೇ ಹೋಗುತ್ತದೆ.

“ಟೈಲರಿಗೆ ಕೊಟ್ಟರಾಯಿತಲ್ಲ?” ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಸಣ್ಣ ರಿಪೇರಿ ಅಂದರೆ ಅವರಿಗೆ ದುಡ್ಡೂ ಗಿಟ್ಟುವುದಿಲ್ಲ, ಹೊತ್ತೂ ಇರುವುದಿಲ್ಲ. ಮದುವೆ ಸೀಸನ್ನಿನಲ್ಲಂತೂ ನಮ್ಮ ಗಂಟು ಮೂಲೆಯಲ್ಲೇ ಇರುತ್ತದೆ. ಮೆಷಿನ್ ರಫು ಜೀನ್ಸಿಗೆ ಪರವಾಗಿಲ್ಲ. ತೆಳು ಬಟ್ಟೆಗೆ ಅದು ಹಪ್ಪಳದ ಹಾಗೆ ಬಿರುಸಾಗಿ, ಅದರ ಅಂಚಿನಲ್ಲೇ ಮತ್ತೆ ಹರಿಯುತ್ತದೆ.

“ಹೊಸದೇ ಅಗ್ಗ” ಅನ್ನುವವರೂ ಇದ್ದಾರೆ. ಶಿರಸಿ ಜಾತ್ರೆಯ ರಾಶಿಯಲ್ಲಿ ಒಂದು ಊಟದ ದುಡ್ಡಿಗೆ ಟೀಶರ್ಟು ಸಿಗುವಾಗ ಸೂಜಿ ಯಾಕೆ ಹಿಡಿಯಬೇಕು? ಒಂದು ಹತ್ತಿ ಟೀಶರ್ಟು ತಯಾರಾಗುವಷ್ಟರಲ್ಲಿ ಸುಮಾರು 2,700 ಲೀಟರ್ ನೀರು ಖರ್ಚಾಗುತ್ತದೆ ಎಂಬುದು ಪರಿಸರ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ ಹೇಳುವ ಅಂದಾಜು. ಅದರಲ್ಲಿ ಹೆಚ್ಚಿನದು ಹತ್ತಿ ಬೆಳೆಯಲಿಕ್ಕೇ ಹೋಗುತ್ತದೆ. ಮೇ ತಿಂಗಳಲ್ಲಿ ಬಾವಿಯ ತಳ ಕಂಡವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಆ ರಾಶಿಯಲ್ಲಿ ಎಷ್ಟೋ ಹತ್ತಿಯೂ ಅಲ್ಲ, ಪಾಲಿಯೆಸ್ಟರ್. ಹರಿದ ಮೇಲೆ ಅದು ಹೋಗುವುದು ಬಚ್ಚಲ ಒಲೆಗೆ. ಅದು ಉರಿಯುವುದಕ್ಕಿಂತ ಹೆಚ್ಚು ಕರಗಿ ತೊಟ್ಟಿಕ್ಕುತ್ತದೆ, ಅದರ ಹೊಗೆ ಮನೆಯವರ ಎದೆಗೇ ಹೋಗುತ್ತದೆ. ದಯವಿಟ್ಟು ಅದನ್ನು ಒಲೆಗೆ ಹಾಕಬೇಡಿ.

ಹಾಗಂತ ಎಲ್ಲವನ್ನೂ ಹೊಲಿಯುತ್ತಾ ಕೂರಬೇಕು ಅಂತಲ್ಲ. ಮಳೆಗಾಲದಲ್ಲಿ ಒದ್ದೆಯಲ್ಲೇ ಬಿದ್ದು ಬೂಸ್ಟು ಹಿಡಿದ ಹತ್ತಿಯ ಎಳೆ ಸತ್ವ ಕಳೆದುಕೊಂಡಿರುತ್ತದೆ. ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದರೂ ಪರ್ ಎಂದು ಪಿಸಿಯುತ್ತದೆ. ಅಂಥದ್ದಕ್ಕೆ ತೇಪೆ ಹಾಕಿದರೆ ತೇಪೆಯ ಪಕ್ಕದಲ್ಲಿ ಹರಿಯುತ್ತದೆ. ಅದು ಒರೆಸುವ ಬಟ್ಟೆಯಾಗಲಿ, ದೋಸೆ ಕಾವಲಿಗೆ ಎಣ್ಣೆ ಸವರುವ ಚಿಂದಿಯಾಗಲಿ.

ಅಥವಾ ಕೌದಿಯಾಗಲಿ. ಕೌದಿಯ ಮಾತು ಬಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆ ತಲೆ ಎತ್ತಿ ಮಾತಾಡಬಹುದು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ ಇವತ್ತು ವಿದೇಶದ ಪ್ರದರ್ಶನಗಳಲ್ಲಿ ಗೋಡೆಗೆ ತೂಗುತ್ತದೆ. ಹಳೆಯ ಸೀರೆಯೊಂದನ್ನು ಅಡಿಗೆ ಹಾಸಿ, ಹರಿದ ಅಂಗಿ, ಲಂಗ, ರವಿಕೆಯ ಒಳ್ಳೆಯ ತುಂಡುಗಳನ್ನು ಒಂದು ಮೂಲೆಯಿಂದ ಇಡುತ್ತಾ ಹೋಗುತ್ತಾರೆ. ಅಳತೆ ಪಟ್ಟಿ ಇಲ್ಲ, ನಕ್ಷೆ ಇಲ್ಲ. ಬೆರಳಲ್ಲೇ ಅಂಚು ಮಡಿಸಿ, ದಪ್ಪ ದಾರದಲ್ಲಿ ಹೊರಗಿನಿಂದ ಒಳಕ್ಕೆ ಸುತ್ತು ಸುತ್ತು ಹೊಲಿಗೆ ಬರುತ್ತದೆ, ಕೊನೆಗೆ ನಡುವಿಗೆ ಬಂದು ಮುಟ್ಟುತ್ತದೆ. ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ‘ಫೂಲ’ (ಹೂವು) ಕೂರಿಸದಿದ್ದರೆ ಅವರ ಲೆಕ್ಕದಲ್ಲಿ ಕೌದಿ ಮುಗಿದಿಲ್ಲ. ಅದನ್ನು ಹೊದ್ದವರಿಗೆ ಮಲೆನಾಡಿನ ಜುಲೈ ತಿಂಗಳ ಥಂಡಿ ತಟ್ಟುವುದಿಲ್ಲ. ತೇಪೆ ಅಂದರೆ ಮುಚ್ಚಿಡುವ ವಸ್ತು ಅನ್ನುವ ನಮಗೆ, ತೇಪೆಯೇ ಮೈಯಾದ ಈ ಹೊದಿಕೆಯನ್ನು ಇದೇ ಕಾಡಿನ ಹೆಂಗಸರು ಮಾಡಿಟ್ಟಿದ್ದಾರೆ. ಜಪಾನಿನ ಸಶಿಕೋ ಹೊಲಿಗೆಯ ವಿಡಿಯೋ ನೋಡಿ ಮರುಳಾಗುವ ನಮ್ಮ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ: ಅದನ್ನೂ ಕಲಿಯಿರಿ, ಚೆಂದವೇ. ಆದರೆ ಒಮ್ಮೆ ಯಲ್ಲಾಪುರದ ಬಸ್ಸೂ ಹತ್ತಿ.

ಇನ್ನು ಕೊನೆಯದಾಗಿ, ಇದೆಲ್ಲ ಯಾರು ಮಾಡಬೇಕು ಎಂಬ ಪ್ರಶ್ನೆ. ನಾನು ಈ ವಿಷಯ ಎತ್ತಿದಾಗಲೆಲ್ಲ ಗಂಡಸರು ಖುಷಿಯಿಂದ ತಲೆಯಾಡಿಸುತ್ತಾರೆ, ‘ಹೌದು, ನಮ್ಮಮ್ಮ ಹೊಲಿಯುತ್ತಿದ್ದರು’ ಅಂತ. ಅಮ್ಮ ಹೊಲಿಯುತ್ತಿದ್ದರು, ಈಗ ಹೆಂಡತಿ ಹೊಲಿಯಲಿ ಅನ್ನುವುದೇ ಆದರೆ ಈ ವಿದ್ಯೆ ಹೋಗುವುದೇ ವಾಸಿ ಅಂತ ಬೇಸರದಲ್ಲಿ ಅನಿಸಿಬಿಡುತ್ತದೆ. ಆಫೀಸು, ಅಡುಗೆ, ಮಕ್ಕಳ ಹೋಂವರ್ಕ್ ಮುಗಿಸಿ ರಾತ್ರಿ ಹತ್ತಕ್ಕೆ ಗಂಡನ ಕಾಲರ್ ತಿರುಗಿಸಿ ಅಂತ ಯಾವ ಹೆಂಗಸಿಗೂ ನಾನು ಹೇಳಲಾರೆ. ಪೇಟೆಯಲ್ಲಿ ಮೆಷಿನ್ ತುಳಿಯುವವರಲ್ಲಿ ಎಷ್ಟೋ ಜನ ಗಂಡಸರು, ಬಂದರಿನಲ್ಲಿ ಬಲೆ ಹೆಣೆಯುವವರು ಗಂಡಸರು. ಗಂಡಸಿನ ಬೆರಳಿಗೆ ಸೂಜಿ ಒಗ್ಗುವುದಿಲ್ಲ ಎಂಬ ಮಾತು ನಮ್ಮ ಜಿಲ್ಲೆಯಲ್ಲಂತೂ ನಡೆಯುವುದಿಲ್ಲ.

ನನ್ನ ಮಗನಿಗೆ ಗುಂಡಿ ಹಚ್ಚಲು, ಬಿಟ್ಟ ಹೊಲಿಗೆ ಹಾಕಲು ಕಲಿಸಿದ್ದೇನೆ, ಈಗ ರಫು ನಡೆಯುತ್ತಿದೆ. ಅವನ ಸ್ಕೂಲ್ ಬ್ಯಾಗಿನ ಪಟ್ಟಿ ಕಿತ್ತಾಗ ಅವನೇ ದಬ್ಬಣ ಹಿಡಿದು ಕೂತ. ನಮ್ಮ ಹೈಸ್ಕೂಲುಗಳಲ್ಲಿ ಎಂಟನೇ ತರಗತಿಯ ಎಲ್ಲ ಮಕ್ಕಳಿಗೂ, ಗಂಡು ಹೆಣ್ಣು ಅನ್ನದೆ, ವಾರಕ್ಕೊಂದು ಪೀರಿಯಡ್ ಇದಕ್ಕೆ ಕೊಡಬೇಕು. ಪರೀಕ್ಷೆ ಬೇಡ, ಮಾರ್ಕ್ಸ್ ಬೇಡ. ಗುಂಡಿ, ಹೆಮ್ಮಿಂಗ್, ತೇಪೆ, ರಫು, ಈ ನಾಲ್ಕು ಸಾಕು. ಕಲಿಸಲು ಜನ ಬೇಕಿದ್ದರೆ ಕಾರವಾರದಲ್ಲಿ ಶನಿವಾರ ಮಧ್ಯಾಹ್ನ ನಾನು ಬರುತ್ತೇನೆ, ಸೂಜಿ ದಾರ ನನ್ನದೇ. ಮಕ್ಕಳು ಮನೆಯಿಂದ ಹರಿದದ್ದೊಂದು ತಂದರೆ ಆಯಿತು.